ಯಾಕೋಬನ ಪೀಠ, ನಮ್ಮ ಬ್ಯಾಂಕಿನ ಬೆಂಚು

ಬ್ಯಾಂಕಿನಲ್ಲಿ ಸರದಿಗಾಗಿ ಕಾದವರೆಲ್ಲರೂ ಆ ಫಲಕವನ್ನು ಓದಿರುತ್ತಾರೆ. ಓದುವುದಕ್ಕೆ ಅಲ್ಲಿ ಬೇರೆ ಏನೂ ಇರುವುದಿಲ್ಲ. ಗ್ರಾಹಕನು ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ, ಅವನು ನಮ್ಮನ್ನು ನೆಚ್ಚಿಕೊಂಡಿಲ್ಲ, ನಾವೇ ಅವನನ್ನು ನೆಚ್ಚಿಕೊಂಡಿದ್ದೇವೆ ಎಂದು ಶುರುವಾಗಿ ಗಾಂಧೀಜಿಯ ಹೆಸರಿನಲ್ಲಿ ಮುಗಿಯುತ್ತದೆ. ಗಾಂಧೀಜಿ ಹಾಗೆ ಹೇಳಿದ್ದರು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಅದು ಬೇರೆ ಮಾತು. ನನ್ನ ತಕರಾರೇನೆಂದರೆ, ಆ ಫಲಕದ ಕೆಳಗೇ ನಿಂತವರಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮವರು ದಿನವೂ "ಇವತ್ತು ಆಗುವುದಿಲ್ಲ, ನಾಳೆ ಬನ್ನಿ" ಎನ್ನುತ್ತಾರೆ. ಅದೂ ಬಹಳ ಮೃದುವಾಗಿ, ನಗುನಗುತ್ತಾ. ತರಬೇತಿಯಲ್ಲಿ ಕಲಿಸಿದ ನಗು ಅದು.

ನಮ್ಮ ಸಭೆಯ, ಅಂದರೆ ಚರ್ಚಿನ, ಯುವಜನ ಕೂಟದಲ್ಲಿ ಮಾತನಾಡಲು ಅಯ್ಯನವರು (ನಮ್ಮ ಪಾದ್ರಿಗಳು) ಕರೆದಿದ್ದರು. ಕೆಲಸದ ಸ್ಥಳದಲ್ಲಿ ಕ್ರೈಸ್ತರ ಸೌಜನ್ಯ ಎಂಬುದು ವಿಷಯ. ಹಾಡು, ಪ್ರಾರ್ಥನೆ, ಪ್ರಕಟಣೆ, ಮತ್ತೊಂದು ಹಾಡು ಎಲ್ಲ ಮುಗಿದು ಮೈಕು ನನ್ನ ಕೈಗೆ ಬರುವ ಹೊತ್ತಿಗೆ ಹಿಂದಿನ ಸಾಲಿನವರು ಚಹಾದ ವಾಸನೆ ಹಿಡಿದು ತಿರುಗಿ ನೋಡುತ್ತಿದ್ದರು. ಹೇಳಬೇಕೆಂದುಕೊಂಡದ್ದರಲ್ಲಿ ಅರ್ಧವನ್ನೂ ಹೇಳಲಾಗಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಟಗೇರಿಯವಳು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆ ಧಾರವಾಡಕ್ಕೆ ಬಂದದ್ದು 1837ರಲ್ಲಿ. ಆ ಕಡೆಯ ಹಳೆಯ ಸಭೆಗಳಲ್ಲಿ ಹುಟ್ಟಿ ಬೆಳೆದ ಮನೆತನ ನಮ್ಮದು. ಆದರೂ ಮೇಜಿನ ಮೇಲಿನ ನನ್ನ ಹೆಸರಿನ ಫಲಕ ನೋಡಿದವರು, "ಮೇಡಂ, ಕೇರಳದವರಾದರೂ ಕನ್ನಡ ಚೆನ್ನಾಗಿ ಕಲಿತಿದ್ದೀರಿ" ಎಂದು ಹೊಗಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಹಿಂದೆಲ್ಲ ವಂಶಾವಳಿ ಬಿಚ್ಚುತ್ತಿದ್ದೆ. ಈಗ "ಹೌದೇ? ನಿಮ್ಮ ಕನ್ನಡವೂ ಚೆನ್ನಾಗಿದೆ" ಎಂದು ಚಲನ್ ಕೈಗೆ ಕೊಡುತ್ತೇನೆ. ಇದು ಸೌಜನ್ಯವೋ ಕಿಡಿಗೇಡಿತನವೋ ನೀವೇ ಹೇಳಿ.

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಬ್ಯಾಂಕಿನವರಿಗೆಂದೇ ಬರೆದಂತಿರುವ ಭಾಗವೊಂದಿದೆ. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ. ಸಭೆಗೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಿನಲ್ಲಿ ಚಿನ್ನದ ಉಂಗುರ, ಮೈಮೇಲೆ ಬೆಲೆಬಾಳುವ ಬಟ್ಟೆ. ಇನ್ನೊಬ್ಬನದು ಕೊಳಕು ಬಟ್ಟೆ. ಉಂಗುರದವನಿಗೆ ಒಳ್ಳೆಯ ಪೀಠ ತೋರಿಸಿ, ಬಡವನಿಗೆ ಅಲ್ಲೇ ನಿಲ್ಲು ಎಂದರೆ, ಇಲ್ಲವೇ ನನ್ನ ಕಾಲ ಬಳಿ ಕುಳಿತುಕೋ ಎಂದರೆ, ನೀವು ಕೆಟ್ಟ ಆಲೋಚನೆಯ ನ್ಯಾಯಾಧಿಪತಿಗಳಾದಿರಿ ಎಂದು ಯಾಕೋಬ ಬೈಯುತ್ತಾನೆ. ನಮ್ಮ ಶಾಖೆಯಲ್ಲಿ ಈ ಪೀಠ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಮ್ಯಾನೇಜರರ ಕೋಣೆಯಲ್ಲಿ ಮೆತ್ತೆಯ ಕುರ್ಚಿಗಳು. ಹೊರಗೆ ಮೂವರು ಕೂರುವ ಒಂದು ಉಕ್ಕಿನ ಬೆಂಚು. ಅದರ ಆಚೆ ನೆಲ. ಪಿಂಚಣಿಯ ದಿನ ಆ ನೆಲದ ಮೇಲೆ ಗೋಡೆಗೆ ಒರಗಿ ಕುಳಿತವರನ್ನು ದಾಟಿಯೇ ನಾವು ಊಟಕ್ಕೆ ಹೋಗಬೇಕು. (ಚಿನ್ನದ ಉಂಗುರದ ವಿಷಯದಲ್ಲಿ ಮಾತ್ರ ಯಾಕೋಬನಿಗೆ ಒಂದು ತಿದ್ದುಪಡಿ ಬೇಕು. ನಮ್ಮಲ್ಲಿ ಉಂಗುರ ಹಾಕಿಕೊಂಡು ಬಂದವನು ಅದನ್ನು ಅಡವಿಡಲೆಂದೇ ಬಂದಿರಬಹುದು.)

ಇದನ್ನೆಲ್ಲ ಒಮ್ಮೆ ಮಧ್ಯಾಹ್ನದ ಊಟದಲ್ಲಿ ಹೇಳಿದಾಗ ಪಕ್ಕದ ಮೇಜಿನ ಸಹೋದ್ಯೋಗಿ ಬುತ್ತಿಯಿಂದ ತಲೆ ಎತ್ತದೆ, "ನಮ್ಮ ಬಸವಣ್ಣನೂ ಅದನ್ನೇ ಕೇಳಿದ್ದಾನೆ, ಅಕ್ಕ" ಎಂದರು. ಬಂದವರನ್ನು ಕ್ಷೇಮವೇ ಎಂದು ವಿಚಾರಿಸಿದರೆ ನಿನ್ನ ಸಿರಿ ಹಾರಿಹೋಗುತ್ತದೆಯೇ, ಕುಳಿತುಕೊಳ್ಳಿ ಎಂದರೆ ನೆಲ ಕುಸಿಯುತ್ತದೆಯೇ ಎಂಬ ವಚನ. ಯಾಕೋಬನೂ ಬಸವಣ್ಣನೂ ಬೈಯಲು ಹೊರಟರೆ ಕುರ್ಚಿಯಿಂದಲೇ ಆರಂಭಿಸುತ್ತಾರೆ ಎಂಬುದು ನನಗೆ ಬಹಳ ಹಿಡಿಸಿತು. ಅದಾದ ಮೇಲೆ ನಾವಿಬ್ಬರೂ ಸೇರಿ ಹಿಂದಿನ ದಾಸ್ತಾನು ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನು ಹೊರಗೆ ತರಿಸಿದೆವು. ಶಾಖೆಯ ಅಂದ ಕೆಡುತ್ತದೆ ಎಂದು ಪರಿಶೀಲನೆಗೆ ಬಂದ ಒಬ್ಬರು ಮುಖ ಸಿಂಡರಿಸಿದರು. ಕುರ್ಚಿಗಳು ಇನ್ನೂ ಅಲ್ಲೇ ಇವೆ.

ಈಗ ನಾಳೆಯ ಮಾತು. ನಾನು ಚಿಕ್ಕವಳಿದ್ದಾಗ ಊರೂರುಗಳ ಮನೆ ಬಾಗಿಲುಗಳ ಮೇಲೆ ಸುಣ್ಣದಲ್ಲೋ ಇದ್ದಿಲಲ್ಲೋ "ನಾಳೆ ಬಾ" ಎಂದು ಬರೆದಿರುತ್ತಿದ್ದರು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ನಮ್ಮ ಕಚೇರಿಗಳು ಜನರನ್ನು ಆ ದೆವ್ವದಂತೆಯೇ ನಡೆಸಿಕೊಳ್ಳುತ್ತವೆ. ಬೈಬಲಿನ ಜ್ಞಾನೋಕ್ತಿಗಳು ಪುಸ್ತಕದ ಮೂರನೆಯ ಅಧ್ಯಾಯ ಇದನ್ನು ನೇರವಾಗಿಯೇ ಹಿಡಿಯುತ್ತದೆ: ಕೊಡುವ ವಸ್ತು ನಿನ್ನ ಕೈಯಲ್ಲೇ ಇರುವಾಗ ನೆರೆಯವನಿಗೆ ಹೋಗಿ ನಾಳೆ ಬಾ ಎನ್ನಬೇಡ. ದಾನಧರ್ಮದ ಕುರಿತಾದ ಮಾತು ಎಂದು ಸಾಮಾನ್ಯವಾಗಿ ಬೋಧಿಸುತ್ತಾರೆ. ನನಗಂತೂ ಇದು ಕೌಂಟರಿನ ಮಾತು. ನನ್ನ ಕೈಯಲ್ಲಿ ಇರುವುದು ಹಣವಲ್ಲ, ಹಣ ಅವರದೇ. ನನ್ನ ಬಳಿ ಇರುವುದು ಉತ್ತರ.

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾದಾಗಿನಿಂದ ನಮ್ಮ ಶಾಖೆಯ ಬೆಳಗುಗಳು ಹೇಗಿವೆ ಎಂದು ಬೆಂಗಳೂರಿನಲ್ಲಿ ಕುಳಿತವರಿಗೆ ಗೊತ್ತಾಗುವುದು ಕಷ್ಟ. ತಿಂಗಳಿಗೆ 2000 ರೂಪಾಯಿ ಬಂತೋ ಇಲ್ಲವೋ ನೋಡಲು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಪಾಸ್‌ಬುಕ್ ಹಿಡಿದು ಬರುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಟಿಕೆಟ್ ಹಣ ಕೊಡಬೇಕಾಗಿಲ್ಲ ನಿಜ, ಆದರೆ ಬಂದ ದಿನದ ಕೂಲಿ ಹೋಯಿತು. ಕಳೆ ತೆಗೆಯುವ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಒಬ್ಬರ ಖಾತೆಗೆ ಹಣ ಬಂದಿಲ್ಲ. ಪಕ್ಕದ ಮನೆಯವರಿಗೆ ಬಂದಿದೆ. "ನನಗೇಕೆ ಇಲ್ಲ, ಯವ್ವಾ?" ಎಂದು ಕೇಳುತ್ತಾರೆ.

ಇದಕ್ಕೆ ಎರಡು ಉತ್ತರಗಳಿವೆ. "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬುದು ಒಂದು. ಒಂದೇ ಉಸಿರಿನಲ್ಲಿ ಮುಗಿಯುತ್ತದೆ, ಯಾರಿಗೂ ಸಿಟ್ಟು ಬರುವುದಿಲ್ಲ, ಎಷ್ಟು ಬೇಕಾದರೂ ಸಿಹಿಯಾಗಿ ಹೇಳಬಹುದು. ಇನ್ನೊಂದು ಉತ್ತರಕ್ಕೆ ನಾಲ್ಕೈದು ನಿಮಿಷ ಬೇಕು. ಸರ್ಕಾರದ ಹಣ ಖಾತೆ ಸಂಖ್ಯೆ ನೋಡಿಕೊಂಡು ಬರುವುದಿಲ್ಲ, ಆಧಾರ್ ನೋಡಿಕೊಂಡು ಬರುತ್ತದೆ. ಒಬ್ಬರ ಆಧಾರ್ ಕಟ್ಟಕಡೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಹಣ ಆ ಬ್ಯಾಂಕಿಗೆ ಹೋಗುತ್ತದೆ. ಯಾವಾಗಲೋ ಸಂಘದ ಸಾಲಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಹೆಬ್ಬೆಟ್ಟು ಒತ್ತಿರುತ್ತಾರೆ. ಹಣ ಎಲ್ಲೂ ಕಳೆದಿರುವುದಿಲ್ಲ, ಅಲ್ಲಿ ಸುಮ್ಮನೆ ಬಿದ್ದಿರುತ್ತದೆ. ಅಥವಾ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ಇನ್ನೂ ಅತ್ತೆಯ ಹೆಸರೇ ಇರುತ್ತದೆ, ಅದಕ್ಕೆ ಬ್ಯಾಂಕಿಗೆ ಬಂದು ಪ್ರಯೋಜನವಿಲ್ಲ. ಇದನ್ನು ಬಿಡಿಸಿ ಹೇಳಿ, ಎಲ್ಲಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು ಎಂಬುದನ್ನು ಹಾಳಾದ ಚಲನ್‌ನ ಹಿಂಬದಿಯಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದುಕೊಡುವುದು. ಅವರಿಗೆ ಓದಲು ಬಾರದಿದ್ದರೆ ಮನೆಯ ಮಕ್ಕಳು ಓದಿ ಹೇಳುತ್ತಾರೆ.

ನಾನು ಆ ಐದು ನಿಮಿಷವನ್ನೇ ಸೌಜನ್ಯ ಎಂದು ಕರೆಯುತ್ತೇನೆ. ಧ್ವನಿ ಎಷ್ಟು ಮೆತ್ತಗಿದ್ದರೂ ಇನ್ನೊಬ್ಬರ ಒಂದು ದಿನವನ್ನು ನುಂಗಿಹಾಕುವ ಮಾತು ಒರಟು ಮಾತೇ. ಹಾಗೆಂದು ಐದು ನಿಮಿಷ ಕೊಟ್ಟರೆ ಹಿಂದಿನ ಸಾಲು ಉದ್ದವಾಗುತ್ತದೆ, ಅಲ್ಲಿಂದ ಬೈಗುಳ ಬರುತ್ತದೆ, ಅದೂ ನ್ಯಾಯವೇ. ನಾನು ಕಂಡುಕೊಂಡ ದಾರಿ ಹೀಗೆ: ಇಂಥ ಪ್ರಶ್ನೆಗಳನ್ನೆಲ್ಲ ಬದಿಯ ಮೇಜಿಗೆ ತಂದು, ಹನ್ನೊಂದರಿಂದ ಹನ್ನೆರಡರವರೆಗೆ ಅಲ್ಲೇ ಕೂರುವುದು. ಬೇರೆ ಶಾಖೆಗಳಲ್ಲಿ ಸಿಬ್ಬಂದಿಯೇ ಇರುವುದಿಲ್ಲ, ಇದು ಅಲ್ಲಿ ನಡೆಯದು. ನಮ್ಮಲ್ಲೂ ಒಬ್ಬರು ರಜೆ ಹಾಕಿದರೆ ನಡೆಯದು.

ನನಗೆ ಗೊತ್ತಿರುವ ಅತ್ಯಂತ ಸುಜನ ಬ್ಯಾಂಕ್ ನೌಕರರು ಕ್ರೈಸ್ತರಲ್ಲ. ಹಿಂದಿನ ಶಾಖೆಯ ಹೆಡ್ ಕ್ಯಾಶಿಯರ್ ಅವರು. ರಂಜಾನ್ ತಿಂಗಳಿನಲ್ಲಿ ಒಂದು ಗುಟುಕು ನೀರಿಲ್ಲದೆ ಇಡೀ ದಿನ ನೋಟು ಎಣಿಸುತ್ತಿದ್ದರು, ಧ್ವನಿಯಲ್ಲಿ ಒಂದು ಎಳೆಯೂ ಬಿಗಿಯುತ್ತಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾಗಿ, ಒಂದು ದಿನ ಬಿಟ್ಟು ಬ್ಯಾಂಕು ಬಾಗಿಲು ತೆರೆದಾಗ ಸಾಲು ರಸ್ತೆಯ ತಿರುವು ದಾಟಿತ್ತು. ಒಬ್ಬರಿಗೆ ನಾಲ್ಕು ಸಾವಿರದವರೆಗೆ ಮಾತ್ರ ಬದಲಿಸಿಕೊಡಬಹುದಿತ್ತು. ಕೊಡಲು ನಮ್ಮ ಬಳಿ ಎರಡು ಸಾವಿರದ ನೋಟು ಬಿಟ್ಟರೆ ಚಿಲ್ಲರೆ ಇರಲಿಲ್ಲ. ಜನ ಬೈದರು, ಅತ್ತರು. ಆ ಹೆಡ್ ಕ್ಯಾಶಿಯರ್ ಪ್ರತಿಯೊಬ್ಬರ ಮುಂದೆಯೂ ನೋಟನ್ನು ನಿಧಾನವಾಗಿ ತಿರುಗಿಸಿ ಎಣಿಸಿ, "ನೋಡಿಕೊಳ್ಳಿ ಅಣ್ಣಾ, ಸರಿಯಿದೆಯೇ?" ಎಂದು ಕೇಳಿಯೇ ಕೊಡುತ್ತಿದ್ದರು. ಬೇಗ ಮಾಡಿ ಎಂದು ನಾವೇ ಅವಸರಪಡಿಸಿದೆವು. ಹಳ್ಳಿಯ ಜನ ಆ ಗುಲಾಬಿ ಬಣ್ಣದ ನೋಟನ್ನು ಹಿಂದೆ ಕಂಡೇ ಇರಲಿಲ್ಲ, ಕೈಗೆ ಬಂದದ್ದು ದುಡ್ಡೇ ಎಂದು ಅವರಿಗೆ ಒಬ್ಬರು ನಿಂತು ಹೇಳಬೇಕಾಗಿತ್ತು ಎಂಬುದು ಅವರೊಬ್ಬರಿಗೆ ಹೊಳೆದಿತ್ತು.

ಹಾಗಾದರೆ ನನ್ನ ಸೌಜನ್ಯದಲ್ಲಿ ಕ್ರೈಸ್ತತನ ಎಲ್ಲಿದೆ ಎಂದು ಯುವಜನ ಕೂಟದ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನಿಮ್ಮವರನ್ನು ಮಾತ್ರ ವಂದಿಸಿದರೆ ಏನು ಹೆಚ್ಚು ಮಾಡಿದಂತಾಯಿತು ಎಂದು ಪರ್ವತ ಪ್ರಸಂಗದಲ್ಲಿ ಯೇಸು ಕೇಳುತ್ತಾನೆ. ಒಳ್ಳೆಯ ನಡತೆ ನಮ್ಮ ಸಭೆಯ ಸ್ವತ್ತು ಎಂದು ಅವನು ಎಲ್ಲಿಯೂ ಹೇಳಿಲ್ಲ. ನೆಪ ಹೇಳುವ ದಾರಿಯನ್ನು ಮಾತ್ರ ನಮಗೆ ಮುಚ್ಚಿದ್ದಾನೆ. ಎದುರಿನವರು ಒರಟರು, ನನಗೆ ತಲೆನೋವು, ತಿಂಗಳ ಕೊನೆ ಎಂಬ ಯಾವ ನೆಪವೂ ಆ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ.

ಅದೇ ಹುಡುಗ, "ಆಂಟಿ, ಅಷ್ಟು ಜನ ಬರುತ್ತಾರಲ್ಲ, ಪಾಸ್‌ಬುಕ್ ಒಳಗೆ ಒಂದು ಸುವಾರ್ತೆಯ ಕರಪತ್ರ ಇಟ್ಟುಕೊಟ್ಟರೆ ಏನು ತಪ್ಪು?" ಎಂದ. ತಪ್ಪು ಎಂದೆ. ನನ್ನ ಕೌಂಟರಿನ ಮುಂದೆ ನಿಂತವರು ಎದ್ದುಹೋಗಲಾರರು, ಅವರ ಹಣ ನನ್ನ ಕೈಯಲ್ಲಿದೆ. ಬೇಡ ಎನ್ನಲು ಆಗದವರ ಕೈಗೆ ತುರುಕಿದ್ದನ್ನು ಸಾಕ್ಷಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆಮೇಲೆ ನಾನು ಕೊಡುವ ಪ್ರತಿಯೊಂದು ನಗುವೂ ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಕಾಣತೊಡಗುತ್ತದೆ. ಕೂಟದಲ್ಲಿ ಕೆಲವರಿಗೆ ಈ ಉತ್ತರ ರುಚಿಸಲಿಲ್ಲ. ಅಯ್ಯನವರು ಗಡಿಯಾರ ನೋಡಿದರು.

ಆಯುಧ ಪೂಜೆಯ ಬಗ್ಗೆಯೂ ಕೇಳಿದರು. ಶಾಖೆಯಲ್ಲಿ ಕಂಪ್ಯೂಟರಿಗೆ, ತಿಜೋರಿಗೆ, ನೋಟು ಎಣಿಸುವ ಯಂತ್ರಕ್ಕೆ ಕುಂಕುಮ ಹಚ್ಚುತ್ತಾರೆ. ನಾನು ಚಂದಾ ಕೊಡುತ್ತೇನೆ, ನಿಂತಿರುತ್ತೇನೆ, ಚುರುಮುರಿ ತಿನ್ನುತ್ತೇನೆ, ಆರತಿ ಎತ್ತುವುದಿಲ್ಲ. ಎತ್ತು ಎಂದು ಯಾರೂ ಹೇಳಿಲ್ಲ. ಅನ್ಯರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ತಿನ್ನಿ ಎಂದು ಆದಿ ಸಭೆಗಳ ಬೋಧಕ ಪೌಲ ಕೊರಿಂಥ ಪಟ್ಟಣದ ಸಭೆಗೆ ಬರೆದದ್ದು ನನಗೆ ಸಾಕು. ನಮ್ಮ ಸಭೆಯಲ್ಲೇ ಇದನ್ನು ಒಪ್ಪದವರಿದ್ದಾರೆ, ಅವರ ಮನಸ್ಸಾಕ್ಷಿಗೂ ಪೌಲ ಅದೇ ಪತ್ರಿಕೆಯಲ್ಲಿ ಜಾಗ ಬಿಟ್ಟಿದ್ದಾನೆ. ಕ್ರಿಸ್‌ಮಸ್‌ಗೆ ನಾನು ಒಯ್ಯುವ ಕೇಕು ಮೊಟ್ಟೆಯಿಲ್ಲದ್ದು. ಮನೆಯಲ್ಲಿ ಮಾಡುವುದು ಮೊಟ್ಟೆಯದ್ದೇ, ರುಚಿಯೂ ಅದಕ್ಕೇ ಹೆಚ್ಚು. ಆದರೆ ಹತ್ತು ಜನರಲ್ಲಿ ಆರು ಜನ ಮುಟ್ಟದ ತಟ್ಟೆಯನ್ನು ಮೇಜಿನ ಮೇಲಿಟ್ಟು ಹಂಚಿಕೊಂಡೆ ಎನ್ನುವುದು ಹೇಗೆ?

ಕಚೇರಿಯೊಳಗೆ ನನಗೆ ಹೆಚ್ಚು ನೋವಾಗುವುದು ಕೆಳಗಿನವರನ್ನು ಕರೆಯುವ ರೀತಿಯಿಂದ. ನಿನ್ನೆ ಮೊನ್ನೆ ಪರೀಕ್ಷೆ ಪಾಸಾಗಿ ಬಂದ ಅಧಿಕಾರಿ, ತಂದೆಯ ವಯಸ್ಸಿನ ಜವಾನರಿಗೆ "ಬಾ ಇಲ್ಲಿ" ಎನ್ನುತ್ತಾನೆ, ಅದೇ ಬಾಯಿಂದ ಗುತ್ತಿಗೆದಾರರನ್ನು "ಬನ್ನಿ ಸರ್" ಎಂದು ಕರೆಯುತ್ತಾನೆ. ಇಂಥದ್ದನ್ನು ಎಲ್ಲರೆದುರು ತಿದ್ದಲು ಹೋದರೆ ನಾನೂ ಅದನ್ನೇ ಮಾಡಿದಂತೆ. ತಪ್ಪು ಮಾಡಿದವನಿಗೆ ಮೊದಲು ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು ಎಂಬ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಅದು ಸಭೆಯ ಶಿಸ್ತಿಗೆ ಹೇಳಿದ್ದು, ನನಗೆ ಶಾಖೆ ನಡೆಸಲೂ ಸಾಕಾಗುತ್ತದೆ. ನಾನು ಕಂಡ ಒಬ್ಬ ಮೇಲಧಿಕಾರಿ ಗುರಿ ತಲುಪದವರ ಹೆಸರುಗಳನ್ನು ರಾತ್ರಿ ಒಂಬತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ ಕೆಂಪು ಬಣ್ಣದಲ್ಲಿ ಹಾಕುತ್ತಿದ್ದರು, ಕೆಳಗೆ ಕೈಮುಗಿಯುವ ಚಿತ್ರ. ಆ ಕೈಮುಗಿಯುವ ಚಿತ್ರವನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಇನ್ನು ನಮ್ಮವರ ವಿಷಯ. ಇದನ್ನು ಕೂಟದಲ್ಲಿ ಹೇಳಲಿಲ್ಲ, ಮುಂದಿನ ಸಾಲಿನಲ್ಲೇ ಸಭಾ ಹಿರಿಯರು ಕುಳಿತಿದ್ದರು. ಸಭೆಯವರು ಬ್ಯಾಂಕಿಗೆ ಬಂದರೆ ಟೋಕನ್ ತೆಗೆದುಕೊಳ್ಳುವುದಿಲ್ಲ. ಸಾಲಿನ ಬದಿಯಿಂದ ನನ್ನ ಮೇಜಿಗೆ ಬಂದು "ಕರ್ತನಿಗೆ ಸ್ತೋತ್ರ, ಸಿಸ್ಟರ್" ಎನ್ನುತ್ತಾರೆ. ಆ ಮಾತಿಗೆ ಉತ್ತರ ಕೊಡಲೇಬೇಕು, ಕೊಟ್ಟೊಡನೆ ಪಾಸ್‌ಬುಕ್ ಮುಂದೆ ಬರುತ್ತದೆ. ಒಮ್ಮೆ ಒಬ್ಬ ಹಿರಿಯರು ಸಂಬಂಧಿಕನಿಗೆ ಸಾಲ ಕೊಡಿಸಬೇಕೆಂದು ಬಂದರು. ಜಮೀನಿನ ಉತಾರದಲ್ಲಿ (ಪಹಣಿಯಲ್ಲಿ) ಹೆಸರು ಅವನದಲ್ಲ, ಅಣ್ಣಂದಿರ ಒಪ್ಪಿಗೆಯಿಲ್ಲ, ಹಳೆಯ ಸಾಲವೊಂದು ಸುಸ್ತಿಯಲ್ಲಿದೆ. "ನಾವೆಲ್ಲ ಒಂದೇ ಸಭೆಯವರು, ನೀವು ಮನಸ್ಸು ಮಾಡಿದರೆ ಆಗುತ್ತದೆ" ಎಂದರು. ನೋಡೋಣ, ಮ್ಯಾನೇಜರರಿಗೆ ಹೇಳುತ್ತೇನೆ, ಮುಂದಿನ ವಾರ ಬನ್ನಿ ಎಂದಿದ್ದರೆ ಇಬ್ಬರ ಮುಖವೂ ಉಳಿಯುತ್ತಿತ್ತು. ನಾನು ಚಹಾ ತರಿಸಿ, ಕಾಗದಗಳನ್ನು ಒಂದೊಂದಾಗಿ ಅವರ ಮುಂದಿಟ್ಟು, ಇದು ಆಗುವುದಿಲ್ಲ, ಏಕೆ ಆಗುವುದಿಲ್ಲ, ಯಾವುದು ಸರಿಯಾದರೆ ಆಗಬಹುದು ಎಂದು ಹೇಳಿದೆ. ಚಹಾ ಕುಡಿಯದೆ ಎದ್ದುಹೋದರು. ಅದಾದ ಮೇಲೆ ಭಾನುವಾರಗಳಲ್ಲಿ ನನ್ನ ವಂದನೆಗೆ ಅವರು ಬಹಳ ಕಾಲ ತಲೆ ಮಾತ್ರ ಆಡಿಸುತ್ತಿದ್ದರು. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂಬ ಯೇಸುವಿನ ಮಾತನ್ನು ಸೌಜನ್ಯದ ಪಾಠವಾಗಿ ಯಾರೂ ಬೋಧಿಸುವುದಿಲ್ಲ, ಬೋಧಿಸಬೇಕು. ಸಭೆಯವರಿಗೆಂದು ನಾನು ಸಾಲು ಮುರಿದರೆ, ಯಾಕೋಬ ಹೇಳಿದ ಆ ಒಳ್ಳೆಯ ಪೀಠದಲ್ಲಿ ಕುಳಿತವರು ಬದಲಾದರೇ ಹೊರತು ಮತ್ತೇನೂ ಬದಲಾಗಲಿಲ್ಲ.

ಕೂಟ ಮುಗಿದು ಚಹಾ ಕುಡಿಯುವಾಗ ಒಬ್ಬಳು ಹುಡುಗಿ ಪಕ್ಕಕ್ಕೆ ಬಂದಳು. ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಕೆಲಸ. ಕರೆ ಮಾಡಿದವರು ಹೊಲಸು ಬೈಗುಳ ಬೈಯುತ್ತಾರೆ, ಕರೆ ಕತ್ತರಿಸಿದರೆ ಅಂಕ ಹೋಗುತ್ತದೆ. ತಂಡದ ಮುಖ್ಯಸ್ಥನಿಗೆ ಹೇಳಿದರೆ, "ನೀವು ಕ್ರಿಶ್ಚಿಯನ್ನರು, ಇನ್ನೊಂದು ಕೆನ್ನೆ ತೋರಿಸಬೇಕಲ್ಲವೇ?" ಎಂದು ತಮಾಷೆ ಮಾಡುತ್ತಾನಂತೆ. "ಆಂಟಿ, ನಾನು ಸುಮ್ಮನಿರಬೇಕೇ?"

ನಾನು ಅವಳಿಗೆ ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಬರುವ ಫಿಲಿಪ್ಪಿ ಪಟ್ಟಣದ ಸಂಗತಿಯನ್ನು ನೆನಪಿಸಿದೆ. ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ವಿಚಾರಣೆಯಿಲ್ಲದೆ ಎಲ್ಲರೆದುರು ಹೊಡೆಸಿ ಸೆರೆಮನೆಗೆ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಅಧಿಕಾರಿಗಳು ಆಳುಗಳನ್ನು ಕಳುಹಿಸಿ, ಇವರನ್ನು ಬಿಟ್ಟುಬಿಡಿ ಎನ್ನುತ್ತಾರೆ. ಪೌಲ ಹೋಗುವುದಿಲ್ಲ. ರೋಮಾಪುರದ ಹಕ್ಕುದಾರರಾದ ನಮ್ಮನ್ನು ಬಹಿರಂಗವಾಗಿ ಹೊಡೆಸಿ ಈಗ ಗುಟ್ಟಾಗಿ ಕಳುಹಿಸುತ್ತಾರೆಯೇ, ಅವರೇ ಬಂದು ಕರೆದುಕೊಂಡು ಹೋಗಲಿ ಎನ್ನುತ್ತಾನೆ. ಅಧಿಕಾರಿಗಳು ಬಂದು ಬೇಡಿಕೊಂಡು ಹೊರಗೆ ಕರೆತರುತ್ತಾರೆ. ಆ ಊರಿನಲ್ಲಿ ಅವನು ಬಿಟ್ಟುಹೋಗುತ್ತಿದ್ದ ಹೊಸ ವಿಶ್ವಾಸಿಗಳ ಬೆನ್ನಿಗೂ ಅದು ಬೇಕಾಗಿತ್ತು ಎಂದು ನನಗನ್ನಿಸುತ್ತದೆ. ನೀನು ಕೊಟ್ಟ ದೂರು ನಿನ್ನ ಪಕ್ಕದ ಕುರ್ಚಿಯ ಹುಡುಗಿಗೂ ಬೇಕಾಗಬಹುದು ಎಂದೆ.

"ಹಾಗಾದರೆ ಬರೆದು ಕೊಡಲೇ?"

"ಕೊಡು. ಮಾನ್ಯರೇ ಎಂದೇ ಆರಂಭಿಸು. ದಿನಾಂಕ, ಹೊತ್ತು, ಆಡಿದ ಮಾತು ಇದ್ದದ್ದು ಇದ್ದ ಹಾಗೆ ಬರೆ, ವಿಶೇಷಣ ಬೇಡ. ಇಮೇಲ್‌ನಲ್ಲೇ ಕಳುಹಿಸು, ಒಂದು ಪ್ರತಿ ನಿನ್ನ ಸ್ವಂತ ವಿಳಾಸಕ್ಕೂ ಹೋಗಲಿ."